ಕಾದು ನೋಡೋಣ ಎನ್ನುವ ಮುನ್ನ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಂಘಟಕರು ಕಂಪ್ಯೂಟರ್ ಬಗ್ಗೆ ಮಾತನಾಡು ಎಂದಿದ್ದರು. ಅವರನ್ನು ಒಪ್ಪಿಸಿ ಬೇರೆ ವಿಷಯ ಆರಿಸಿಕೊಂಡಿದ್ದೇನೆ: ಚಿಕ್ಕ ಮಕ್ಕಳ ಬೆಳವಣಿಗೆಯಲ್ಲಿ ಆಗುವ ವಿಳಂಬ. ನಾನು ವೈದ್ಯನಲ್ಲ. ಒಬ್ಬ ತಂದೆಯಾಗಿ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮಲ್ಲಿ ಮಗು ಬೆಳೆಯುತ್ತಿದೆ ಎಂದರೆ ತೂಕ, ಎತ್ತರ ಎಂದೇ ಅರ್ಥ. ತಾಯಿ ಕಾರ್ಡಿನಲ್ಲಿ ಲಸಿಕೆಯ ದಿನಾಂಕ ತಪ್ಪದೆ ನೋಡುತ್ತೇವೆ. ಆದರೆ ಮಗು ಇನ್ನೂ ಹಲವು ದಾರಿಗಳಲ್ಲಿ ಬೆಳೆಯುತ್ತದೆ. ಕೂರುವುದು, ನಡೆಯುವುದು ಒಂದು. ಕೈಬೆರಳುಗಳ ಕೆಲಸ ಇನ್ನೊಂದು. ಮಾತು ಮತ್ತು ಮಾತಿನ ತಿಳಿವಳಿಕೆ ಮತ್ತೊಂದು. ಜನರೊಡನೆ ಬೆರೆಯುವುದು, ಯೋಚಿಸುವುದು ಇವೂ ಸೇರಿವೆ. ಇವುಗಳಲ್ಲಿ ಯಾವುದಾದರೂ ವಯಸ್ಸಿಗೆ ತಕ್ಕಂತೆ ಬಾರದಿದ್ದರೆ ಅದನ್ನೇ ವಿಳಂಬ ಎನ್ನುವುದು.

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ ನಿಜ. ಭಾರತವೂ ಸೇರಿದಂತೆ ಹಲವು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಅಳತೆ ಪ್ರಕಟಿಸಿತು. ಆರೋಗ್ಯವಂತ ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯಲು ಶುರುಮಾಡುವುದು 8 ತಿಂಗಳಿಂದ ಸುಮಾರು 17 ತಿಂಗಳ ನಡುವೆ. ಕೆಲವು ಮಕ್ಕಳು ಅಂಬೆಗಾಲೇ ಇಡದೆ ನೇರ ನಡೆದುಬಿಡುತ್ತವೆ. ಆದ್ದರಿಂದ ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸಿ ಗಾಬರಿಪಡಬೇಕಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಎರಡು ವರ್ಷದವರೆಗೆ ಆ ಮುಂಚಿನ ವಾರಗಳನ್ನು ಕಳೆದು ವಯಸ್ಸು ಲೆಕ್ಕ ಹಾಕಬೇಕು.

ಆದರೆ ಹೊಲಕ್ಕೆ ಬದುವಿರುವಂತೆ ಈ ಹರವಿಗೂ ಒಂದು ಅಂಚಿದೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ ಅಥವಾ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಕೊಡು’ ಎಂದು ಎರಡು ಪದ ಕೂಡಿಸದಿದ್ದರೆ ತೋರಿಸಬೇಕು. ಬಂದಿದ್ದ ಮಾತು ಅಥವಾ ಆಟ ಯಾವ ವಯಸ್ಸಿನಲ್ಲೇ ನಿಂತುಹೋದರೂ ತಡಮಾಡಬಾರದು.

ಈಗ ನಮ್ಮ ಮನೆಯ ಮಾತು. ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳಾದಾಗ ನನ್ನ ತಾಯಿ ಬೆಂಗಳೂರಿಗೆ ಬಂದಿದ್ದರು. ವಾರ ಕಳೆದ ಮೇಲೆ ಹೇಳಿದರು: “ಮಗ, ಕೂಸಿಗೆ ಚಂದಮಾಮನ್ನ ತೋರ್ಸುದ್ರೆ ಅವನು ಮ್ಯಾಕೂ ನೋಡಲ್ಲ, ನನ್ನ ಬೆರಳೂ ನೋಡಲ್ಲ. ಬಿಸ್ಕತ್ತು ಬೇಕಾದ್ರೆ ನನ್ನ ಕೈ ಎಳ್ಕಂಡೋಗಿ ಡಬ್ಬದ ಮ್ಯಾಲಿಡ್ತಾನೆ.” ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ನಮ್ಮವ್ವ. ಅವರು ನೋಡಿದ್ದು ಎಷ್ಟು ಮುಖ್ಯವಾದದ್ದು ಎಂದು ನಮಗೆ ಆಮೇಲೆ ತಿಳಿಯಿತು. ನಾವು ಮೊದಲು ಹೋದ ಕಡೆ, “ಗಂಡು ಹುಡುಗ, ಮೂರು ವರ್ಷದವರೆಗೆ ಕಾಯಿರಿ” ಎಂದರು. ನಾವು ಕಾಯದೆ ಇನ್ನೊಬ್ಬರ ಬಳಿ ಹೋದೆವು.

ಅಲ್ಲಿ ಮೊದಲು ಮಾಡಿದ್ದು ಕಿವಿಯ ಪರೀಕ್ಷೆ. ಮಾತು ತಡವಾದ ಪ್ರತಿ ಮಗುವಿಗೂ ಇದು ಆಗಲೇಬೇಕು. ಬಾಗಿಲು ಬಡಿದರೆ ತಿರುಗುತ್ತದೆ ಎಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆ ಎನ್ನುವಂತಿಲ್ಲ. ಇವನ ಕಿವಿ ಸರಿಯಿತ್ತು. ಆಮೇಲೆ ಹಲವು ಭೇಟಿಗಳಲ್ಲಿ ಅವನ ಆಟ ನೋಡಿದರು, ನಮ್ಮನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿದರು. ಕೊನೆಗೆ ಆಟಿಸಂ ಎಂದರು. ಇದನ್ನು ಪತ್ತೆ ಮಾಡಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಯಾವುದೂ ಇಲ್ಲ. ನೋಡುವುದು, ಕೇಳುವುದು ಅಷ್ಟೇ.

ನನ್ನ ವೃತ್ತಿಯ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಯಂತ್ರಗಳಲ್ಲಿ ಏನೋ ಸರಿಯಿಲ್ಲ ಎಂದರೆ ಗಂಟೆ ಬಾರಿಸುವ ವ್ಯವಸ್ಥೆ ಇರುತ್ತದೆ. ಗಂಟೆ ಬಾರಿಸಿದ ಕೂಡಲೇ ದೋಷ ಇದೇ ಎಂದು ತಿಳಿಯುವುದಿಲ್ಲ, ಹೋಗಿ ಹುಡುಕಬೇಕು. ಎಷ್ಟೋ ಸಲ ಏನೂ ಇರುವುದಿಲ್ಲ. ಅಂಗನವಾಡಿಯಲ್ಲಿ ಮಾಡುವ ತಪಾಸಣೆ ಇಂಥ ಗಂಟೆ. ರೋಗನಿರ್ಣಯ ತಜ್ಞರ ಕೆಲಸ. ತಪಾಸಣೆಯಲ್ಲಿ ಹೆಸರು ಬಂತೆಂದು ಎದೆ ಒಡೆದುಕೊಳ್ಳುವುದೂ ಬೇಡ, ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದೂ ಬೇಡ.

ಬೇಗ ಏಕೆ? ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರದರ ಸುಮಾರು ಶೇ. 80ರಷ್ಟಾಗಿರುತ್ತದೆ. ಕಲಿಯುವ ಶಕ್ತಿ ಹೆಚ್ಚಿರುವ ಕಾಲ ಅದು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದ್ದು ಮೊದಲ ಕೆಲವೇ ವಾರಗಳಲ್ಲಿ ಮಾತ್ರೆ ಶುರುವಾದರೆ ಬುದ್ಧಿಮಾಂದ್ಯವನ್ನೇ ತಡೆಯಬಹುದು. ಆಟಿಸಂಗೆ ಅಂಥ ಮಾತ್ರೆಯಿಲ್ಲ, ತರಬೇತಿಯಿದೆ. ನನ್ನ ಮಗನಿಗೆ ಈಗ ಆರು ವರ್ಷ, ಒಂದನೇ ತರಗತಿ. ಗದ್ದಲವಾದರೆ ಇಂದಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಸಣ್ಣ ಸಣ್ಣ ವಾಕ್ಯ ಆಡುತ್ತಾನೆ. ನಾಲ್ಕೂವರೆ ವರ್ಷದವನಿದ್ದಾಗ ಒಂದು ದಿನ ರಸ್ತೆಯ ಕಡೆ ಬೆರಳು ಮಾಡಿ, “ಅಜ್ಜಿ, ಬಸ್ಸು” ಎಂದ. ನಮ್ಮ ಮನೆಯಲ್ಲಿ ಅವತ್ತು ಹಬ್ಬ.

ಊರಲ್ಲಿ ಕೇಳುವ ಕೆಲವು ಮಾತುಗಳಿವೆ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು.’ ಇರಬಹುದು, ಆದರೂ ಒಮ್ಮೆ ತೋರಿಸಿ. ‘ನಾಲಿಗೆಗೆ ಬಜೆ ತಿಕ್ಕಿ.’ ಮಾತು ಹುಟ್ಟುವುದು ಕಿವಿ ಮತ್ತು ಮಿದುಳಿನಿಂದ. ನಾಲಿಗೆ ತಿಕ್ಕಿದರೆ ಬರುವುದಿಲ್ಲ. ‘ಮನೆಯಲ್ಲಿ ಎರಡು ಭಾಷೆ, ಅದಕ್ಕೇ.’ ಎರಡು ಭಾಷೆಯಿಂದ ವಿಳಂಬ ಆಗುವುದಿಲ್ಲ. ಹರಕೆ ಹೊರುವವರು ಹೊರಲಿ, ಜೊತೆಗೆ ಆಸ್ಪತ್ರೆಗೂ ಹೋಗಲಿ. ಎಲ್ಲಕ್ಕಿಂತ ಕೆಟ್ಟದ್ದು ‘ತಾಯಿ ಸರಿಯಾಗಿ ನೋಡಿಕೊಂಡಿಲ್ಲ’ ಎನ್ನುವುದು. ತಾಯಿ ಮುದ್ದು ಮಾಡಿದ್ದರಿಂದಾಗಲಿ ಮಾಡದ್ದರಿಂದಾಗಲಿ ಆಟಿಸಂ ಬರುವುದಿಲ್ಲ. ಹೆಣ್ಣುಮಕ್ಕಳನ್ನು ದಯವಿಟ್ಟು ಈ ಮಾತಿನಿಂದ ಬಿಡುಗಡೆ ಮಾಡಿ.

ಇದಕ್ಕೆಲ್ಲ ಬೆಂಗಳೂರಿಗೇ ಬರಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರವಿರುತ್ತದೆ, ಸೇವೆ ಉಚಿತ. ಮಾತು, ಕಿವಿಗೆ ಸಂಬಂಧಿಸಿದಂತೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳನ್ನೂ ಗುರುತಿಸಿದೆ. ರೋಗದ ಹೆಸರು ತಿಳಿಯುವವರೆಗೆ ತರಬೇತಿ ನಿಲ್ಲಿಸಬೇಕಿಲ್ಲ. ವಿಳಂಬ ಕಂಡ ದಿನದಿಂದಲೇ ಶುರುಮಾಡಬಹುದು.

ಗುರುಗಳಲ್ಲಿ ಒಂದು ವಿನಂತಿ. ಎಂಟನೇ ತರಗತಿಗೆ ಬಂದರೂ ಓದಲು ತಡವರಿಸುವ, ಕರೆದರೆ ತಿರುಗದ ಹುಡುಗನನ್ನು ‘ದಡ್ಡ’ ಎನ್ನುವ ಮೊದಲು ಒಮ್ಮೆ ಅವನ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ.

ಇದನ್ನೆಲ್ಲ ಊರಲ್ಲಿ ಹೇಳಬೇಡ, ನಾಳೆ ನಿನ್ನ ಮಗನನ್ನು ಬೇರೆ ಕಣ್ಣಿಂದ ನೋಡುತ್ತಾರೆ ಎಂದು ಕೆಲವು ಬಂಧುಗಳು ಎಚ್ಚರಿಸಿದರು. ನನ್ನ ಹೆಂಡತಿ, “ಹೇಳಿ, ಯಾರಾದರೂ ಒಬ್ಬರು ಮೊದಲು ಹೇಳಬೇಕಲ್ಲ” ಎಂದಳು. ಈ ಸಭೆಯಲ್ಲಿ ಕೂತ ಯಾರದಾದರೂ ಮನೆಯಲ್ಲಿ ಇಂಥ ಒಂದು ಅನುಮಾನವಿದ್ದರೆ, ಊಟದ ಹೊತ್ತಿಗೆ ನಮ್ಮಿಬ್ಬರನ್ನು ಕಾಣಿ. ಹೋಗಬೇಕಾದ ಜಾಗಕ್ಕೆ ಜೊತೆಯಲ್ಲಿ ಬರುತ್ತೇವೆ.