ಮನೆಯ ಮಾತು, ಪುಸ್ತಕದ ಮಾತು



‘ನಮ್ಮ ಹುಡುಗನಿಗೆ ಪುಸ್ತಕವೆಂದರೆ ಆಗದು, ಓದೆಂದರೆ ಓಡುತ್ತಾನೆ’ ಎಂದು ಹೇಳುವ ತಾಯಿತಂದೆಗಳು ಎಲ್ಲ ಸೀಮೆಗಳಲ್ಲಿಯೂ ಉಂಟು. ಕೋಲಾರದ ಸೀಮೆಯಲ್ಲಿ, ವಿಶೇಷವಾಗಿ ಮುಳಬಾಗಿಲು ಶ್ರೀನಿವಾಸಪುರಗಳ ಕಡೆ, ಈ ದೂರಿಗೆ ಬೇರೆಡೆ ಅಷ್ಟಾಗಿ ಕಾಣದ ಕಾರಣವೊಂದು ಇರುವುದುಂಟು. ಅದನ್ನು ಗಮನಿಸದೆ ಮಗುವನ್ನು ಮಂದಮತಿಯೆಂದು ತೀರ್ಮಾನಿಸುವುದು ಅನ್ಯಾಯ.

ಈ ಭಾಗದಲ್ಲಿ ಬಹುಮಂದಿಯ ಮನೆಮಾತು ತೆಲುಗು. ಪಾಠಶಾಲೆಯ ಪುಸ್ತಕ ಕನ್ನಡ. ಮಾವಿನ ತೋಪಿನಲ್ಲಿಯೇ ಬೆಳೆದ ಶ್ರೀನಿವಾಸಪುರದ ಬಾಲಕನು ‘ಮಾವು’ ಎಂಬ ಎರಡಕ್ಷರವನ್ನು ಕೂಡಿಸಿ ಉಚ್ಚರಿಸುವನು. ಆದರೆ ಅವನ ನಾಲಗೆ ಬಲ್ಲ ಹಣ್ಣು ‘ಮಾಮಿಡಿ’. ಬೆಕ್ಕು ಅವನಿಗೆ ‘ಪಿಲ್ಲಿ’, ಮನೆ ‘ಇಲ್ಲು’, ಮರ ‘ಚೆಟ್ಟು’. ಮೊದಲ ವರ್ಷಗಳಲ್ಲಿ ಅಕ್ಷರಗಳನ್ನು ಕೂಡಿಸುವುದೇ ಒಂದು ಶ್ರಮ. ಕನ್ನಡ ಮನೆಯ ಮಗುವಿಗೆ ಆ ಶ್ರಮದ ಕೊನೆಯಲ್ಲಿ ಪರಿಚಿತವಾದ ಪದವೊಂದು ಎದುರಾಗಿ ಸಂತೋಷವಾಗುತ್ತದೆ. ಇವನಿಗೆ ಬರಿಯ ಧ್ವನಿ ಸಿಕ್ಕುತ್ತದೆ. ಫಲವಿಲ್ಲದ ದುಡಿಮೆಯನ್ನು ದೊಡ್ಡವರೇ ಒಲ್ಲೆವೆನ್ನುವಾಗ ಎಂಟು ವರ್ಷದ ಮಗು ಒಲ್ಲೆನೆಂದರೆ ಆಶ್ಚರ್ಯವೇನು?

ಇದಕ್ಕೆ ಕೆಲವರು ಹೇಳುವ ಪರಿಹಾರ, ಮನೆಯಲ್ಲಿ ತೆಲುಗನ್ನು ನಿಲ್ಲಿಸಬೇಕೆಂಬುದು. ನನಗೆ ಇದು ಸರ್ವಥಾ ಒಪ್ಪಿಗೆಯಿಲ್ಲ. ಅಜ್ಜಿಯ ಬಾಯಿ ಮುಚ್ಚಿಸಿ ಮೊಮ್ಮಗನ ಪುಸ್ತಕ ತೆರೆಸಲಾದೀತೇ? ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರೇ ಕನ್ನಡ ಸಣ್ಣಕಥೆಯ ಜನಕರೆನಿಸಿದರು; 1983ರ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು.

ಮಾಡಬಹುದಾದುದು ಇಷ್ಟು. ರಾತ್ರಿ ಊಟವಾದ ಮೇಲೆ ಚಿತ್ರಗಳಿರುವ ಸಣ್ಣದೊಂದು ಕಥೆಯ ಪುಸ್ತಕವನ್ನು ತೆಗೆದುಕೊಂಡು, ಕಥೆಯನ್ನು ಮೊದಲು ತೆಲುಗಿನಲ್ಲಿಯೇ ಹೇಳಿರಿ. ಅನಂತರ ಅದೇ ಪುಟವನ್ನು ಕನ್ನಡದಲ್ಲಿ, ಸಾಲಿನ ಕೆಳಗೆ ಬೆರಳಿಟ್ಟು, ನೀವೇ ಗಟ್ಟಿಯಾಗಿ ಓದಿರಿ. ಅರ್ಥ ಮುಂಚೆಯೇ ತಿಳಿದಿರುವುದರಿಂದ ಮಗುವಿನ ಗಮನ ಪದದ ಮೇಲೆ ನಿಲ್ಲುತ್ತದೆ. ಮೂರನೆಯ ನಾಲ್ಕನೆಯ ರಾತ್ರಿಯೂ ಅದೇ ಕಥೆ ಬೇಕೆಂದರೆ ಬೇಸರಪಡಬೇಡಿ. ಒಂದು ಪದದ ಮುಂದೆ ನೀವು ತಡೆದರೆ ಸಾಕು, ಅದನ್ನು ಮಗುವೇ ಹೇಳಿಬಿಡುತ್ತದೆ. ಆಗ ‘ಇದರ ಕಾಗುಣಿತ ಹೇಳು’ ಎಂದು ಪರೀಕ್ಷೆಗೆ ತೊಡಗುವುದು ಮಾತ್ರ ಬೇಡ. ಕಥೆಯ ಸ್ವಾರಸ್ಯ ಅಲ್ಲಿಗೆ ಮುಗಿಯಿತು.

ಹಿರಿಯರಿಗೆ ಅಕ್ಷರ ಬಾರದ ಮನೆಗಳಲ್ಲಿ ಈ ಕ್ರಮವನ್ನು ತಿರುಗಿಸಬೇಕು. ಮಗು ಓದಲಿ, ಅಜ್ಜಿ ಕೇಳಿ, ‘ಏನಂತೆ ಅದು?’ ಎಂದು ತೆಲುಗಿನಲ್ಲಿ ವಿಚಾರಿಸಲಿ. ಒಂದು ಭಾಷೆಯಲ್ಲಿ ಓದಿದುದನ್ನು ಇನ್ನೊಂದರಲ್ಲಿ ಹೇಳಬೇಕಾದರೆ ಅರ್ಥವನ್ನು ಹಿಡಿದೇ ತೀರಬೇಕು. ಓದುಬಾರದ ಅಜ್ಜಿಯು ಇದರಲ್ಲಿ ಉಪಾಧ್ಯಾಯರಿಗಿಂತಲೂ ಉತ್ತಮ ಶ್ರೋತೃ. ಅಕ್ಷರದ ತಪ್ಪು ಹಿಡಿಯುವ ಅಭ್ಯಾಸ ಆಕೆಗಿಲ್ಲ. ಕೋಲಾರದ ಟೊಮೇಟೊ ಮಂಡಿಯಿಂದ ತಂದೆ ತಂದ ಚೀಟಿಯನ್ನೂ ಬಸ್ಸಿನ ಬೋರ್ಡನ್ನೂ ಮಗುವಿನಿಂದಲೇ ಓದಿಸಬಹುದು. ಮನೆಗೆ ಕೆಲಸವೂ ಆಯಿತು.

ಪುಸ್ತಕಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡತೊಡಗಿದವು. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಒಂದೇ ಕಥೆ, ಅದೇ ಚಿತ್ರಗಳೊಡನೆ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉಚಿತವಾಗಿ ದೊರೆಯುವುದುಂಟು. ಎರಡು ಲಿಪಿಗಳೂ ಒಂದೇ ಮೂಲದಿಂದ ಬಂದವು. ಪಕ್ಕಪಕ್ಕದಲ್ಲಿಟ್ಟರೆ ಅಕ್ಷರಗಳ ಹೋಲಿಕೆಯನ್ನು ಹುಡುಕುವುದೇ ಮಗುವಿಗೆ ಆಟವಾಗುತ್ತದೆ. ಗ್ರಂಥಾಲಯದಲ್ಲಿ ಪುಸ್ತಕವನ್ನು ಮಗುವೇ ಆರಿಸಲಿ. ನೀತಿಯ ಪುಸ್ತಕವನ್ನು ಬಿಟ್ಟು ದೆವ್ವದ ಕಥೆಯನ್ನು ಎತ್ತಿಕೊಂಡರೂ ಸರಿ. ನಾಲ್ಕು ಪುಟ ಓದಿ ಹಿಂದಿರುಗಿಸಿದರೂ ಸರಿ, ಇನ್ನೊಂದನ್ನು ತರಲಿ.