ಕೂಸನ್ನು ಯಾರು ನೋಡಿಕೊಳ್ಳುತ್ತಾರೆ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

"ಜೀವಮಾನವೆಲ್ಲ ಹೊರದೇಶದಲ್ಲಿ ಕೂತು ಏನು ಓದಿದಿರಿ, ನಮ್ಮ ಜನಕ್ಕೆ ತಿಳಿಯುವ ಹಾಗೆ ಹೇಳಿ" ಎಂದು ಶ್ರೀಗಳು ಅಪ್ಪಣೆ ಕೊಡಿಸಿದರು. ನನ್ನ ವಿಷಯದ ಹೆಸರು ಬಹಳ ಉದ್ದ: ಸಮಾಜ, ಕುಟುಂಬ ಮತ್ತು ಶಿಶುಶಿಕ್ಷಣ ನೀತಿಗಳ ತೌಲನಿಕ ಅಧ್ಯಯನ. ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿ ಮೊದಲ ಸಲ ಊರಿಗೆ ಬಂದಾಗ ನನ್ನ ಅಕ್ಕನಿಗೆ ಇದನ್ನು ತಿಳಿಸಿ ಹೇಳಲು ಅರ್ಧ ತಾಸು ತಿಣುಕಾಡಿದೆ. ಎಲ್ಲ ಕೇಳಿಸಿಕೊಂಡು ಆಕೆ ಒಂದೇ ಮಾತು ಕೇಳಿದಳು: "ತಮ್ಮಾ, ಆ ದೇಶದಾಗ ಅವ್ವ ಕೂಲಿಗೆ ಹ್ವಾದ್ರ ಕೂಸು ಯಾರು ನೋಡತಾರ? ಅದಕ್ಕ ರೊಕ್ಕ ಯಾರು ಕೊಡತಾರ?" ನನ್ನ ಮೂವತ್ತು ವರ್ಷಗಳ ಅಧ್ಯಯನವೆಲ್ಲ ಈ ಎರಡು ಪ್ರಶ್ನೆಗಳಲ್ಲಿದೆ.

ಆಕೆ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಾನು ಹುಟ್ಟಿದಾಗ ಅಕ್ಕನಿಗೆ ಏಳು ವರ್ಷ, ಎರಡನೆಯ ಇಯತ್ತೆ. ಎರಡು ತಿಂಗಳಿಗೆ ಅವ್ವ ಹತ್ತಿ ಬಿಡಿಸಲು ಹೊಲಕ್ಕೆ ಹೊರಟಳು. ಕೂಲಿ ಬಿಟ್ಟರೆ ಒಲೆ ಹೊತ್ತುವ ಹಾಗಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊರುವ ಕೆಲಸ ಅಕ್ಕನ ಪಾಲಿಗೆ ಬಂತು. ಆಕೆ ಮತ್ತೆ ಶಾಲೆಗೆ ಹೋಗಲಿಲ್ಲ. ನಾನು ಶಾಲೆ ಮುಗಿಸಿ, ಮಠದ ಪ್ರಸಾದ ನಿಲಯದಲ್ಲಿ ಉಂಡು ಕಾಲೇಜು ಓದಿ, ಕಡಲು ದಾಟಿದೆ. ಅಕ್ಕ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ನನ್ನ ಓದಿನ ಖರ್ಚನ್ನು ಮಠ ಕೊಟ್ಟಿತು, ಸರಕಾರ ಕೊಟ್ಟಿತು ಎಂದು ಎಲ್ಲರೂ ಲೆಕ್ಕ ಹೇಳುತ್ತಾರೆ. ಅಕ್ಕ ಕೊಟ್ಟದ್ದು ಯಾವ ಲೆಕ್ಕದಲ್ಲೂ ಇಲ್ಲ. ಆ ಬಾಕಿಯ ಮಾತು ಇದು.

ಈ ಶಾಸ್ತ್ರ ಮಾಡುವುದೇನು? ಮಗು ಹುಟ್ಟಿದ ಮನೆಗೆ ಬೇಕಾದವು ಮೂರು: ಮಗುವಿನ ಜೊತೆ ಇರಲು ಸಮಯ, ಕೂಲಿ ತಪ್ಪಿದಾಗ ಹಣ, ದುಡಿಯಲು ಹೋದಾಗ ಮಗುವನ್ನು ಬಿಡಲು ಒಂದು ನೆಚ್ಚಿಕೆಯ ಜಾಗ. ಯಾವ ದೇಶ ಇವನ್ನು ಎಷ್ಟು ಕೊಡುತ್ತದೆ, ಯಾರಿಗೆ ಕೊಡುತ್ತದೆ, ಕೊಟ್ಟಿದ್ದರಿಂದ ಏನಾಯಿತು ಎಂದು ಹೋಲಿಸಿ ನೋಡುವುದು ನಮ್ಮ ಕೆಲಸ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶೀಲಾ ಕ್ಯಾಮರ್‌ಮನ್ ಮತ್ತು ಆಲ್ಫ್ರೆಡ್ ಕಾನ್ 1978ರಲ್ಲಿ 14 ದೇಶಗಳ ಕುಟುಂಬ ನೀತಿಯನ್ನು ಒಂದೇ ಗ್ರಂಥದಲ್ಲಿ ತಂದರು. ಅವರ ಒಂದು ಮಾತು ನನಗೆ ದಾರಿದೀಪವಾಯಿತು. ಕೆಲವು ಸರಕಾರಗಳು ಕುಟುಂಬಕ್ಕಾಗಿ ಎಂದು ಹೇಳಿಯೇ ನೀತಿ ಮಾಡುತ್ತವೆ. ಕೆಲವು ಏನೂ ಹೇಳುವುದಿಲ್ಲ, ಆದರೂ ಅವುಗಳ ತೆರಿಗೆ, ಕೂಲಿ, ಶಾಲೆಯ ವೇಳೆ ಎಲ್ಲವೂ ಕುಟುಂಬದ ಮೇಲೆ ಪರಿಣಾಮ ಮಾಡುತ್ತಲೇ ಇರುತ್ತವೆ. ಹೇಳದೆ ಇರುವುದೂ ಒಂದು ನೀತಿಯೇ. ನನ್ನ ಅಕ್ಕ ಶಾಲೆ ಬಿಟ್ಟದ್ದು ಅಂಥ ಹೇಳದ ನೀತಿಯಿಂದ.

1990ರಲ್ಲಿ ಡೆನ್ಮಾರ್ಕಿನವರಾದ ಎಸ್ಪಿಂಗ್ ಆಂಡರ್ಸನ್ ಎಂಬ ವಿದ್ವಾಂಸರು 18 ಶ್ರೀಮಂತ ದೇಶಗಳನ್ನು ಮೂರು ಗುಂಪಾಗಿ ವಿಂಗಡಿಸಿ ಹೆಸರಾದರು. ಕಾರ್ಮಿಕನಿಗೆ ಪಿಂಚಣಿ, ಕಾಯಿಲೆ ಭತ್ಯೆ, ನಿರುದ್ಯೋಗ ಭತ್ಯೆ ಎಷ್ಟು ಎಂಬುದು ಅವರ ಅಳತೆಗೋಲು. ಆಗ ವಿದುಷಿಯರು ಎದ್ದು ಕೇಳಿದರು: "ಮನೆಯಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಣ್ಣುಮಕ್ಕಳು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ?" ಆ ಆಕ್ಷೇಪವನ್ನು ಅವರು ಒಪ್ಪಿ, 1999ರ ತಮ್ಮ ಪುಸ್ತಕದಲ್ಲಿ ಕುಟುಂಬದ ಹೊರೆಯನ್ನೂ ಅಳೆದರು. ದೊಡ್ಡ ವಿದ್ವಾಂಸರೂ ಲೆಕ್ಕ ತಪ್ಪಬಹುದು; ತಿದ್ದಿಕೊಂಡದ್ದು ಅವರ ಹಿರಿಮೆ.

ಈಗ ಎರಡು ದೇಶಗಳ ಕಥೆ ಹೇಳುತ್ತೇನೆ.

ಮೊದಲನೆಯದು ಸ್ವೀಡನ್. "ಅದು ಸಿರಿವಂತ ದೇಶ, ಮಾಡುತ್ತಾರೆ ಬಿಡಿ" ಎನ್ನಬೇಡಿ. 1930ರ ದಶಕದಲ್ಲಿ ಅಲ್ಲಿ ದುಡಿಯುವವರ ಮನೆಗಳು ಇಕ್ಕಟ್ಟಾಗಿದ್ದವು, ಮಕ್ಕಳನ್ನು ಹೆರಲು ಜನ ಹೆದರುತ್ತಿದ್ದರು. 1934ರಲ್ಲಿ ಆಲ್ವಾ ಮಿರ್ಡಾಲ್ ಮತ್ತು ಆಕೆಯ ಪತಿ ಗುನ್ನಾರ್ ಮಿರ್ಡಾಲ್ ಒಂದು ಪುಸ್ತಕ ಬರೆದು, ಮಕ್ಕಳನ್ನು ಸಾಕುವ ಖರ್ಚು ಹೆತ್ತವರೊಬ್ಬರದೇ ಅಲ್ಲ, ಇಡೀ ಸಮಾಜದ್ದು ಎಂದು ವಾದಿಸಿದರು. 1936ರಲ್ಲಿ ಆಲ್ವಾ ಶಿಶುಶಾಲೆಯ ಶಿಕ್ಷಕಿಯರನ್ನು ತಯಾರು ಮಾಡುವ ಸಂಸ್ಥೆ ತೆರೆದರು. ಕಟ್ಟಡಕ್ಕಿಂತ ಮೊದಲು ಶಿಕ್ಷಕಿ ಎಂಬುದು ಅವರ ಕ್ರಮ. ಇದೇ ತಾಯಿ 1955ರಿಂದ 1961ರವರೆಗೆ ನಮ್ಮ ದೆಹಲಿಯಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. 1982ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು.

ಮುಂದಿನದು ನಿಧಾನದ ಕೆಲಸ. 1948ರಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ಭತ್ಯೆ ಬಂತು. 1974ರಲ್ಲಿ ತಾಯಿಗೆ ಮಾತ್ರವಿದ್ದ ಹೆರಿಗೆ ರಜೆ ತಂದೆತಾಯಿ ಇಬ್ಬರೂ ಹಂಚಿಕೊಳ್ಳುವ ರಜೆಯಾಯಿತು. ಹೀಗೆ ಮಾಡಿದ ಮೊದಲ ದೇಶ ಅದು. ಆದರೆ ಗಂಡಸರು ರಜೆ ತೆಗೆದುಕೊಳ್ಳಲಿಲ್ಲ. ಕಾನೂನು ಬಂದರೂ ಮನಸ್ಸು ಬರಲಿಲ್ಲ. ಅದಕ್ಕೆ 1995ರಲ್ಲಿ ಒಂದು ತಿಂಗಳನ್ನು ತಂದೆ ತೆಗೆದುಕೊಳ್ಳದಿದ್ದರೆ ಕಳೆದೇ ಹೋಗುವಂತೆ ಮೀಸಲಿಟ್ಟರು. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರಾಯಿತು. ಈಗ ಒಟ್ಟು ರಜೆ 480 ದಿನ. 1996ರಲ್ಲಿ ಶಿಶುಪಾಲನೆಯನ್ನು ಸಮಾಜ ಕಲ್ಯಾಣದಿಂದ ಶಿಕ್ಷಣ ಖಾತೆಗೆ ತಂದು, 1998ರಲ್ಲಿ ಅದಕ್ಕೆ ಪಠ್ಯಕ್ರಮ ಮಾಡಿದರು. ಪುಸ್ತಕದಿಂದ ಪಠ್ಯಕ್ರಮಕ್ಕೆ 64 ವರ್ಷ. ಒಂದೇ ಬಜೆಟ್ಟಿನಲ್ಲಿ ಆದದ್ದಲ್ಲ.

ಎರಡನೆಯದು ಅಮೆರಿಕ. ದುಡ್ಡಿಗೇನು ಕೊರತೆಯಿಲ್ಲ. 1965ರಲ್ಲಿ ಬಡಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಆರಂಭವಾಯಿತು. 1971ರಲ್ಲಿ ದೇಶಕ್ಕೆಲ್ಲ ಶಿಶುಪಾಲನಾ ಕೇಂದ್ರಗಳ ಜಾಲ ಕಟ್ಟುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದು ಕುಟುಂಬವನ್ನು ಸಡಿಲಗೊಳಿಸುತ್ತದೆ ಎಂದು ಅಧ್ಯಕ್ಷ ನಿಕ್ಸನ್ ತಡೆದರು. 1993ರ ಕಾನೂನು ಕೊಟ್ಟದ್ದು 12 ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳಿಗೆ ಅನ್ವಯಿಸದೆ. ಹಣವಿದ್ದ ಮಾತ್ರಕ್ಕೆ ಮಕ್ಕಳಿಗೆ ಪಾಲು ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಕೇಂದ್ರ ತೆರೆದರೆ ಮುಗಿಯಿತೇ? ಇಲ್ಲ. ಕೆನಡಾದ ಕ್ವೆಬೆಕ್ ಪ್ರಾಂತ 1997ರಲ್ಲಿ ದಿನಕ್ಕೆ 5 ಡಾಲರಿಗೆ ಶಿಶುಪಾಲನೆ ಆರಂಭಿಸಿತು. ತಾಯಂದಿರ ದುಡಿಮೆ ಹೆಚ್ಚಿತು. ಆದರೆ ಮಕ್ಕಳಲ್ಲಿ ಆತಂಕ, ಸಿಡುಕು ಕೂಡ ಹೆಚ್ಚಿತೆಂದು ಮೂವರು ಅರ್ಥಶಾಸ್ತ್ರಜ್ಞರು 2008ರಲ್ಲಿ ತೋರಿಸಿದರು. ನಮ್ಮಂಥವರಿಗೆ ಅದು ಇಷ್ಟವಾಗುವ ಫಲಿತಾಂಶವಲ್ಲ. ಇಷ್ಟವಿಲ್ಲದ್ದನ್ನು ಮುಚ್ಚಿಟ್ಟರೆ ಅದು ಅಧ್ಯಯನವೂ ಅಲ್ಲ. ಇಂಗ್ಲೆಂಡಿನಲ್ಲಿ 1997ರಿಂದ ಸುಮಾರು 3,000 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಮತ್ತೊಂದು ಮುಖ ತೋರಿಸಿತು. ತರಬೇತಾದ ಶಿಕ್ಷಕಿ, ಮಗುವಿನೊಡನೆ ಮಾತು, ಆಟ ಇದ್ದ ಕಡೆ ಮಕ್ಕಳು ಮುಂದೆ ಬಂದರು. ಮನೆಯಲ್ಲಿ ಹೆತ್ತವರು ಯಾರು ಎಂಬುದಕ್ಕಿಂತ, ಮಗುವಿನ ಜೊತೆ ಅವರು ಏನು ಮಾಡುತ್ತಾರೆ ಎಂಬುದು ಮುಖ್ಯವಾಯಿತು. ಓದದ ತಾಯಿಯೂ ಮಗುವಿಗೆ ಕಥೆ ಹೇಳಬಲ್ಲಳು, ಹಾಡು ಹಾಡಬಲ್ಲಳು. ಎರಡನ್ನೂ ಕೂಡಿಸಿ ನಾನು ತಿಳಿದದ್ದು ಇಷ್ಟು: ಅಗ್ಗದ ಜಾಗ ಸಾಲದು, ಒಳ್ಳೆಯ ಜಾಗ ಬೇಕು.

ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಭಾರತವನ್ನು ಹೋಲಿಕೆಗೆ ತಂದ ನನ್ನ ಮೊದಲ ಪ್ರಬಂಧದಲ್ಲಿ ಅಂಗನವಾಡಿಗಳ ಸಂಖ್ಯೆ ಎಣಿಸಿ, ಪರವಾಗಿಲ್ಲ ಎಂದು ಬರೆದೆ. ಊರಿಗೆ ಬಂದು ಅಕ್ಕನಿಗೆ ಹೆಮ್ಮೆಯಿಂದ ಹೇಳಿದೆ. ಆಕೆ ಕೇಳಿದಳು: "ಕಳೇ ತಗ್ಯಾಕ ಹೋಗೂ ಹೆಂಗಸ್ರು ಬೆಳ್ಳಂಬೆಳಗ್ಗೆ ಹೋಗತಾರ. ಆವಾಗ ಬಾಗಲಾ ತಗದಿರತೈತೇನು? ಎರಡ ವರ್ಷದ ಕೂಸಿನ್ನ ಇಟಗೊಳ್ತಾರೇನು?" ನನ್ನ ಕೋಷ್ಟಕದಲ್ಲಿ ಈ ಎರಡು ಕಲಮುಗಳೇ ಇರಲಿಲ್ಲ. ಎಷ್ಟು ಕೇಂದ್ರ ಎಂದು ಎಣಿಸಿದ್ದೆ. ಯಾವ ಹೊತ್ತಿಗೆ, ಯಾವ ವಯಸ್ಸಿಗೆ ಎಂದು ಎಣಿಸಿರಲಿಲ್ಲ. ರಜೆ ಮುಗಿಯುವುದಕ್ಕೂ ಶಿಶುಶಾಲೆ ಸಿಗುವುದಕ್ಕೂ ನಡುವಿನ ಕಂದಕ ಎಂದು ಈಗ ಯುರೋಪಿನಲ್ಲೂ ಇದನ್ನೇ ಅಳೆಯುತ್ತಾರೆ. ಜರ್ಮನಿ 2013ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಪಡೆಯುವ ಕಾನೂನು ಹಕ್ಕು ಕೊಟ್ಟದ್ದು ಈ ಕಂದಕ ಮುಚ್ಚಲೆಂದೇ.

ನಮ್ಮಲ್ಲಿ? 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ. ಅದಕ್ಕೂ ಮೊದಲೇ ಮಹಾರಾಷ್ಟ್ರದ ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಆದಿವಾಸಿ ಹಾಡಿಗಳ ಅಂಗಳಕ್ಕೇ ಶಿಶುಶಾಲೆಯನ್ನು ಒಯ್ದಿದ್ದರು. ಕೂಸು, ಬಾಲವಾಡಿ, ಪ್ರಾಥಮಿಕ ಶಾಲೆ ಒಂದೇ ಕಡೆ ಇದ್ದರೆ ಕೂಸನ್ನು ಹೊತ್ತ ಅಕ್ಕನೂ ಕಲಿಯಬಹುದು ಎಂದು ಕಂಡುಕೊಂಡರು. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಕಾಗದದ ಮೇಲೆ ಹಲವು ಶ್ರೀಮಂತ ದೇಶಗಳಿಗಿಂತ ಮೇಲು. ಆದರೆ ಅದು ಹೊಲದ ಕೂಲಿಯವಳಿಗೆ, ಮನೆಗೆಲಸದವಳಿಗೆ ತಲುಪುವುದಿಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ನಡುವಿನ ಎರಡೂವರೆ ವರ್ಷ ಮತ್ತೆ ಯಾರದೋ ಸೊಂಟದ ಮೇಲೆ. 2023ರಲ್ಲಿ ಕರ್ನಾಟಕ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು ಆರಂಭಿಸಿದ್ದು ಈ ಕಂದಕಕ್ಕೆ ಹಾಕಿದ ಒಂದು ಸೇತುವೆ. ಅದು ನಿಮ್ಮ ಊರಲ್ಲಿ ಇದೆಯೇ, ಇದ್ದರೆ ಬಾಗಿಲು ತೆರೆದಿದೆಯೇ ಎಂದು ನೀವೇ ಹೋಗಿ ನೋಡಬೇಕು.

"ನಮ್ಮಲ್ಲಿ ಅವಿಭಕ್ತ ಕುಟುಂಬವಿದೆ, ಮಕ್ಕಳನ್ನು ಮನೆಯವರೇ ನೋಡಿಕೊಳ್ಳುತ್ತಾರೆ, ಪರದೇಶದ ಪದ್ಧತಿ ನಮಗೇಕೆ?" ಎಂದು ಹಿರಿಯರು ಕೇಳುತ್ತಾರೆ. ನಾನು ಕುಟುಂಬದ ವಿರೋಧಿಯಲ್ಲ. ಒಂದೇ ಪ್ರಶ್ನೆ: ಮನೆಯವರು ಎಂದರೆ ಯಾರು? ಹೆಸರು ಹಿಡಿದು ಹೇಳಿ. ಅಜ್ಜಿಯೇ? ಆಕೆಗೆ ಮೊಣಕಾಲು ನೋವು. ಗಂಡಸರೇ? ಕೈ ಎತ್ತಿ. ಕೊನೆಗೆ ಉಳಿಯುವವಳು ಎಂಟು ವರ್ಷದ ಹುಡುಗಿ.

ಮಠ ಏನು ಮಾಡಬಹುದು? ಧರ್ಮಸಂಸ್ಥೆಗೂ ಶಿಶುಪಾಲನೆಗೂ ನಂಟು ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಗುಡ್ಡಗಾಡಿನ ಪಾದ್ರಿ ಓಬರ್ಲಿನ್, ದುಡಿಯಲು ಹೋದವರ ಮಕ್ಕಳನ್ನು ಕೂಡಿಸಿ, ಊರಿನ ಹೆಣ್ಣುಮಕ್ಕಳಿಂದಲೇ ಹೆಣಿಗೆ, ಹಾಡು, ಮಾತು ಕಲಿಸಿದರು. ಇಂದಿಗೂ ಜರ್ಮನಿಯ ಶಿಶುಶಾಲೆಗಳಲ್ಲಿ ದೊಡ್ಡ ಪಾಲನ್ನು ಚರ್ಚುಗಳೇ ನಡೆಸುತ್ತವೆ. ಹಣದ ಬಹುಭಾಗ ಸರಕಾರದ್ದು, ನಿಯಮ ಎಲ್ಲರಿಗೂ ಒಂದೇ. ದಾನದಿಂದ ದಾರಿ ತೋರಬಹುದು, ಭಾರ ಹೊರಬೇಕಾದದ್ದು ಸರಕಾರವೇ.

ನಮ್ಮ ಮಠಗಳು ಓದುವ ಹುಡುಗರಿಗೆ ಅನ್ನ, ಆಸರೆ ಕೊಟ್ಟು ಒಂದು ನಾಡನ್ನೇ ಎತ್ತಿದವು. ನಾನೇ ಅದರ ಸಾಕ್ಷಿ. ಆ ದಾಸೋಹ ಇನ್ನು ಆರು ವರ್ಷದೊಳಗಿನ ಕೂಸುಗಳ ಕಡೆಗೂ ತಿರುಗಲಿ. ಶ್ರೀಗಳಲ್ಲಿ ನನ್ನ ಬಿನ್ನಹ ಮೂರು. ಕಳೆ, ಸುಗ್ಗಿಯ ದಿನಗಳಲ್ಲಿ ಹಗಲು ಖಾಲಿ ಬಿದ್ದಿರುವ ಕಲ್ಯಾಣ ಮಂಟಪದಲ್ಲಿ ಕೂಸುಗಳಿಗೆ ಬೆಳಗಿನಿಂದಲೇ ಜಾಗ ಕೊಡಿಸಿ. ಜಾತಿ ಕೇಳದೆ, ಹೊಲಕ್ಕೆ ಹೋಗುವವರ ಹೊತ್ತಿಗೆ. ನೋಡಿಕೊಳ್ಳುವ ತಾಯಂದಿರಿಗೆ ತರಬೇತಿಯನ್ನೂ ಕೂಲಿಯನ್ನೂ ಕೊಡಿಸಿ, ಸೇವೆ ಎಂದು ಪುಕ್ಕಟೆ ದುಡಿಸಬೇಡಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಬೇಕಾಯಿತು. ನಾವು ಆ ಮಟ್ಟಕ್ಕೆ ಇಳಿಯುವುದು ಬೇಡ. ಮೂರನೆಯದು, ಮುಂದಿನ ಗ್ರಾಮಸಭೆಯಲ್ಲಿ ಕೂಸಿನ ಮನೆಯ ಮಾತನ್ನು ಅಕ್ಕನ ಬಳಗದವರು ಎತ್ತಲಿ, ಗಂಡಸರು ಬೆಂಬಲಕ್ಕೆ ನಿಲ್ಲಲಿ.

ನನ್ನ ಅಕ್ಕ ಇಂದು ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ನನ್ನ ಪ್ರಬಂಧಗಳನ್ನು ಆಕೆ ಓದಿಲ್ಲ, ಓದಲು ಬರುವುದಿಲ್ಲ. ಆಕೆಯ ಬಾಕಿ ತೀರಿಸಲು ನನ್ನಿಂದ ಆಗುವುದಿಲ್ಲ. ಈ ಊರಿನಲ್ಲಿ ಇನ್ನೊಬ್ಬ ಅಕ್ಕ ಎರಡನೆಯ ತರಗತಿಗೇ ಪಾಟಿ ಚೀಲ ಗೂಟಕ್ಕೆ ಸಿಕ್ಕಿಸದಂತೆ ನಾವೆಲ್ಲ ಕೂಡಿ ನೋಡಿಕೊಳ್ಳೋಣ.