ಗಾಳಿ ಸೋಕಿದ್ದಲ್ಲ, ಕಾಯಿಲೆ



ನನ್ನ ಅಕ್ಕನ ಮಗಳು ಇಲ್ಲೇ ಪುಣೆಯಲ್ಲಿ ಕಾಲೇಜು ಓದುತ್ತಿದ್ದಳು. ಒಂದೇ ವಾರದಲ್ಲಿ ನಿದ್ದೆ ಹೋಯಿತು, ಇಲ್ಲದ ದನಿಗಳು ಕೇಳಿದವು, ಫಿಟ್ಸ್ ಬಂತು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿ ನಾವು ಹದಿನೈದು ದಿನ ಕಳೆದೆವು.

ಬೆನ್ನಿನ ನೀರು ತೆಗೆದು ಪರೀಕ್ಷಿಸಿದಾಗ ಕಾರಣ ತಿಳಿಯಿತು. ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ. ಅದನ್ನು ಬರಮಾಡಿಕೊಳ್ಳುವ ಎನ್‌ಎಂಡಿಎ ರಿಸೆಪ್ಟರ್‌ಗಳ ಮೇಲೆ ಅವಳ ದೇಹದ ಪ್ರತಿಕಾಯಗಳೇ ಎರಗಿದ್ದವು. ಡಾ. ಜೋಸೆಪ್ ಡಾಲ್ಮೌ ಅವರ ತಂಡ ಈ ಕಾಯಿಲೆಯನ್ನು ಗುರುತಿಸಿದ್ದೇ 2007ರಲ್ಲಿ. ಸ್ಟಿರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಬೇಗ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಖರ್ಚು ಮಾತ್ರ ಲಕ್ಷಗಳಲ್ಲಿ.

ಅಂದು ನಮ್ಮ ಕೈಹಿಡಿದದ್ದು ಸಂಘದ ಈ ನಿಧಿ. ಅವಳು ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಇನ್ನೊಂದು ಮನೆಯವರು ಹಣ ಹೊಂದಿಸಲು ದಿನ ಎಣಿಸುವಂತಾಗಬಾರದು. ದಯವಿಟ್ಟು ಕೈಲಾದಷ್ಟು ನೀಡಿ.